ಸಾಲಕ್ಕೆ ಸಿಂಹಾಸನ ತೆತ್ತ ದೊರೆ: ಈಜಿಪ್ಟಿನ ಖೆದೀವ್ ಇಸ್ಮಾಯಿಲ್

ಒಂದು ಮನೆಯ ಯಜಮಾನನು ಸಾಲ ತೀರಿಸಲಾರದೆ ಹೋದರೆ ಮುಂದೇನಾಗುತ್ತದೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲು ಹೆಂಡತಿಯ ಮೈಮೇಲಿನ ಚಿನ್ನ ಕಳಚುತ್ತದೆ. ಆಮೇಲೆ ತೋಟದ ಮೇಲೆ ಅಡವು ಬೀಳುತ್ತದೆ. ಕೊನೆಗೊಂದು ದಿನ ಕೋರ್ಟಿನ ಅಮೀನನು ಅಂಗಳಕ್ಕೆ ಬಂದು ನಿಲ್ಲುತ್ತಾನೆ. ಆದರೆ ಸಾಲ ತೀರಿಸಲಾರದೆ ಹೋದುದು ಮನೆಯಲ್ಲ, ಒಂದು ದೇಶವೆಂದಾದರೆ? ಆ ದೇಶದ ಅಂಗಳಕ್ಕೆ ಬರುವ ಅಮೀನನು ಯಾರು? ಅವನು ಜಪ್ತಿ ಮಾಡುವುದು ಏನನ್ನು? ಸಾಲದ ಹಣವನ್ನು ಕಣ್ಣಿಂದಲೂ ಕಾಣದ ಬಡರೈತನಿಗೆ ಅದರಲ್ಲಿ ಎಷ್ಟು ಪಾಲು ಬೀಳುತ್ತದೆ?

ಈ ಪ್ರಶ್ನೆಗಳಿಗೆ ಚರಿತ್ರೆಯಲ್ಲಿ ಉತ್ತರ ಹುಡುಕಹೊರಟರೆ ಒಬ್ಬ ದೊರೆಯ ಬಾಳು ನಮ್ಮ ಕಣ್ಣೆದುರಿಗೆ ಬರುತ್ತದೆ. ಅವನು ಈಜಿಪ್ಟಿನ ಇಸ್ಮಾಯಿಲ್ ಪಾಶಾ. ಸೂಯೆಜ್ ಕಾಲುವೆಯ ಉದ್ಘಾಟನೆಗೆ ಯುರೋಪಿನ ರಾಜರಾಣಿಯರನ್ನೆಲ್ಲ ಕರೆಸಿ ಔತಣವಿಕ್ಕಿದವನು ಅವನೇ. ಅದಾಗಿ ಹತ್ತು ವರ್ಷ ತುಂಬುವ ಮೊದಲೇ ಒಂದು ತಂತಿಯ ಸುದ್ದಿಯಿಂದ ಪಟ್ಟ ಕಳೆದುಕೊಂಡು ದೇಶ ಬಿಟ್ಟವನೂ ಅವನೇ. ಅವನನ್ನು ಬರಿಯ ದುಂದುಗಾರನೆಂದು ತಳ್ಳಿಹಾಕುವವರೂ ಇದ್ದಾರೆ, ಆಧುನಿಕ ಈಜಿಪ್ಟಿನ ಶಿಲ್ಪಿಯೆಂದು ಹೊಗಳುವವರೂ ಇದ್ದಾರೆ. ಎರಡರಲ್ಲಿಯೂ ಸತ್ಯಾಂಶವಿದೆ ಎಂಬುದು ನಮ್ಮ ಅಭಿಪ್ರಾಯ.

ಮಹಮ್ಮದ್ ಅಲಿಯ ಮೊಮ್ಮಗ

ಇಸ್ಮಾಯಿಲನು ಹುಟ್ಟಿದ್ದು 1830ರ ಡಿಸೆಂಬರ್ 31ರಂದು, ಕೈರೋ ನಗರದಲ್ಲಿ. ಅವನ ತಾತ ಮಹಮ್ಮದ್ ಅಲಿ ಅಲ್ಬೇನಿಯಾ ಮೂಲದ ದಂಡಾಳು. ತುರ್ಕಿ ಸುಲ್ತಾನನ ಕೈಕೆಳಗಿನ ಅಧಿಕಾರಿಯಾಗಿ ಈಜಿಪ್ಟಿಗೆ ಬಂದು, ತನ್ನ ತೋಳ್ಬಲದಿಂದಲೂ ತಂತ್ರದಿಂದಲೂ ಅಲ್ಲಿಯ ಒಡೆಯನಾಗಿ ನಿಂತವನು. ತಂದೆ ಇಬ್ರಾಹಿಂ ಪಾಶಾ ಹೆಸರಾಂತ ದಂಡನಾಯಕ. ಹೆಸರಿಗೆ ಈಜಿಪ್ಟು ಸುಲ್ತಾನನ ಸಾಮ್ರಾಜ್ಯದ ಒಂದು ಪ್ರಾಂತವಾಗಿದ್ದು ವರ್ಷವರ್ಷವೂ ಕಪ್ಪ ಒಪ್ಪಿಸುತ್ತಿತ್ತು. ಒಳಾಡಳಿತವೆಲ್ಲ ಮಹಮ್ಮದ್ ಅಲಿಯ ಮನೆತನದ ಕೈಯಲ್ಲಿತ್ತು.

ಹುಡುಗನು ಪ್ಯಾರಿಸಿನಲ್ಲಿ ಓದಿದನು. ಅಗಲವಾದ ಬೀದಿಗಳು, ರೈಲುಗಳು, ನಾಟಕಶಾಲೆಗಳು ಅವನ ಮನಸ್ಸಿನಲ್ಲಿ ಅಚ್ಚೊತ್ತಿದವು. ತನ್ನ ನಾಡನ್ನೂ ಹಾಗೆಯೇ ಮಾಡಬೇಕೆಂಬ ಹಂಬಲ ಅಲ್ಲಿಯೇ ಮೊಳೆತಿರಬೇಕು. ಪಟ್ಟವು ಅವನಿಗೆ ನೇರವಾಗಿ ಬರತಕ್ಕದ್ದಾಗಿರಲಿಲ್ಲ. ಅಣ್ಣ ಅಹಮದ್ ರಿಫಾತ್ ಇದ್ದನು. 1858ರಲ್ಲಿ ನೈಲ್ ನದಿಯನ್ನು ದಾಟುವಾಗ ರೈಲಿನ ಗಾಡಿ ನೀರಿಗೆ ಬಿದ್ದು ಅಣ್ಣ ಮುಳುಗಿ ಸತ್ತನು. ಹೀಗೆ ಉತ್ತರಾಧಿಕಾರ ತಮ್ಮನಿಗೆ ಬಂತು. ಚಿಕ್ಕಪ್ಪ ಸಯೀದ್ ಪಾಶಾ ತೀರಿಕೊಂಡ ಬಳಿಕ, 1863ರ ಜನವರಿಯಲ್ಲಿ, ತನ್ನ 32ನೆಯ ವಯಸ್ಸಿನಲ್ಲಿ ಇಸ್ಮಾಯಿಲನು ಆಡಳಿತಸೂತ್ರ ಹಿಡಿದನು.

ಸಯೀದನು ಬಿಟ್ಟುಹೋದ ಆಸ್ತಿಯಲ್ಲಿ ಎರಡು ಗಂಟುಗಳಿದ್ದವು. ಒಂದು, 1862ರಲ್ಲಿ ಯುರೋಪಿನಿಂದ ಎತ್ತಿದ ಮೊದಲ ವಿದೇಶೀ ಸಾಲ. ಮೊತ್ತ ಸುಮಾರು 33 ಲಕ್ಷ ಪೌಂಡು. ಇನ್ನೊಂದು, ಫ್ರಾನ್ಸಿನ ಫರ್ಡಿನೆಂಡ್ ಡಿ ಲೆಸೆಪ್ಸನಿಗೆ 1854ರಲ್ಲಿ ಬರೆದುಕೊಟ್ಟ ಸೂಯೆಜ್ ಕಾಲುವೆಯ ಪರವಾನಗಿ. ಕಾಲುವೆ ಕಂಪೆನಿಯ 4 ಲಕ್ಷ ಶೇರುಗಳಲ್ಲಿ ಬಿಕರಿಯಾಗದೆ ಉಳಿದವು ಸಯೀದನ ತಲೆಗೆ ಬಿದ್ದು, ಈಜಿಪ್ಟಿನ ಪಾಲು 1 ಲಕ್ಷ 77 ಸಾವಿರವನ್ನು ದಾಟಿತ್ತು.

ಹತ್ತಿ ತಂದ ಹೊನ್ನು

ಆದರೆ ಹೊಸ ದೊರೆಗೆ ಆರಂಭದಲ್ಲಿ ಅದೃಷ್ಟ ಒಲಿದಿತ್ತು. ಅಮೆರಿಕದಲ್ಲಿ ಉತ್ತರ ದಕ್ಷಿಣಗಳಿಗೆ ಅಂತರ್ಯುದ್ಧ ಹತ್ತಿ, 1861ರಿಂದ 1865ರ ವರೆಗೆ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಿತು. ನಮ್ಮ ಧಾರವಾಡದ ಎರೆನೆಲದ ಹತ್ತಿಗೆ ಆ ವರ್ಷಗಳಲ್ಲಿ ಬಂದ ಬೆಲೆಯ ಕತೆ ಓದುಗರಲ್ಲಿ ಕೆಲವರಿಗಾದರೂ ತಿಳಿದಿರಬಹುದು. ನೈಲ್ ನದಿಯ ಬಯಲಿನ ಹತ್ತಿಗೂ ಅದೇ ಭಾಗ್ಯ ಬಂತು. ಬೆಲೆ ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಏರಿತು. ಬೊಕ್ಕಸ ತುಂಬಿತು. ಈ ಹೊಳೆ ಎಂದೆಂದಿಗೂ ಹೀಗೆಯೇ ಹರಿಯುವುದೆಂದು ದೊರೆ ನಂಬಿದನು. ಸಾಲ ಕೊಡುವವರೂ ಹಾಗೆಯೇ ನಂಬಿದರು.

ಇಸ್ಮಾಯಿಲನು ಕೈಹಾಕಿದ ಕೆಲಸಗಳನ್ನು ಕಂಡರೆ ಇಂದಿಗೂ ಬೆರಗಾಗುತ್ತದೆ. ಅವನ ಕಾಲದಲ್ಲಿ 8000 ಮೈಲಿಗೂ ಮಿಕ್ಕಿ ನೀರಾವರಿ ಕಾಲುವೆಗಳು ತೋಡಲ್ಪಟ್ಟವು. 300 ಮೈಲಿಗೂ ಕಡಿಮೆಯಿದ್ದ ರೈಲುದಾರಿ ಸಾವಿರ ಮೈಲಿಯನ್ನು ದಾಟಿತು. ತಂತಿಸಾಲು ಸುಮಾರು 5000 ಮೈಲಿ ಉದ್ದಕ್ಕೆ ಹಬ್ಬಿತು. ಅಲೆಕ್ಸಾಂಡ್ರಿಯಾದ ಬಂದರು ಹೊಸದಾಯಿತು. ಸಕ್ಕರೆಯ ಕಾರ್ಖಾನೆಗಳು ಎದ್ದವು. ಶಾಲೆಗಳು ನೂರರ ಲೆಕ್ಕದಿಂದ ಸಾವಿರದ ಲೆಕ್ಕಕ್ಕೆ ಏರಿದವು. 1870ರಲ್ಲಿ ಕೈರೋದಲ್ಲಿ ರಾಷ್ಟ್ರೀಯ ಗ್ರಂಥಾಲಯ ತೆರೆಯಿತು. 1873ರಲ್ಲಿ ಅವನ ಪತ್ನಿಯೊಬ್ಬಳ ಆಶ್ರಯದಲ್ಲಿ ಸರಕಾರದ ಮೊದಲ ಹೆಣ್ಣುಮಕ್ಕಳ ಶಾಲೆ ಪ್ರಾರಂಭವಾಯಿತು. 1866ರಲ್ಲಿ ಪ್ರತಿನಿಧಿಗಳ ಒಂದು ಸಲಹಾ ಸಭೆಯನ್ನೂ ಅವನು ಕರೆದನು. ಈ ಸಭೆಯ ಮಾತು ಮುಂದೆ ಬರಲಿಕ್ಕಿದೆ.

ಇವೆಲ್ಲ ನಾಡಿಗೆ ಬೇಕಾದ ಕೆಲಸಗಳು. ಇವುಗಳ ಜತೆಗೇ ಬೇಡವಾದವೂ ಬಂದವು. ಅರಮನೆಯ ಮೇಲೆ ಅರಮನೆ ಎದ್ದಿತು. ಪಟ್ಟವು ತನ್ನ ಮಗನಿಗೇ ಸಲ್ಲಬೇಕೆಂದೂ, ತನಗೆ ಖೆದೀವ್ ಎಂಬ ಬಿರುದು ಬೇಕೆಂದೂ ಸುಲ್ತಾನನನ್ನು ಒಲಿಸಲು ಅವನು ಕೈಬಿಚ್ಚಿ ಸುರಿದನು. 1866 ಮತ್ತು 1867ರಲ್ಲಿ ಎರಡೂ ದಕ್ಕಿದವು. ಆದರೆ ವರ್ಷದ ಕಪ್ಪ ಹೆಚ್ಚುಕಡಿಮೆ ಇಮ್ಮಡಿಯಾಯಿತು. ದೇಶದ ಸಾಗುವಳಿ ಭೂಮಿಯಲ್ಲಿ ಸುಮಾರು ಐದರಲ್ಲೊಂದು ಪಾಲು ದೊರೆಯ ಮನೆತನದ ಸ್ವಂತ ಆಸ್ತಿಯಾಗಿತ್ತು. ದೊರೆಯ ಕಿಸೆ ಯಾವುದು, ದೇಶದ ಬೊಕ್ಕಸ ಯಾವುದು ಎಂಬ ಗೆರೆ ಎಲ್ಲಿಯೂ ಇರಲಿಲ್ಲ. ಅನರ್ಥದ ಬೇರು ಇಲ್ಲಿಯೇ ಇತ್ತೆನ್ನಬಹುದು.

ಕಾಲುವೆಯ ಹಬ್ಬ

ಸೂಯೆಜ್ ಕಾಲುವೆಯ ತೋಡುವಿಕೆ ಮೊದಲ ವರ್ಷಗಳಲ್ಲಿ ನಡೆದದ್ದು ಬಿಟ್ಟಿ ದುಡಿಮೆಯಿಂದ. ಈಜಿಪ್ಟಿನ ರೈತನನ್ನು ಅರಬ್ಬಿಯಲ್ಲಿ ಫಲ್ಲಾಹ ಎನ್ನುತ್ತಾರೆ. ತಿಂಗಳಿಗೆ ಸುಮಾರು 20 ಸಾವಿರ ಫಲ್ಲಾಹರನ್ನು ಊರುಗಳಿಂದ ಹಿಡಿತಂದು ಮರುಭೂಮಿಯಲ್ಲಿ ದುಡಿಸಲಾಗುತ್ತಿತ್ತು. ಇದನ್ನು ನಿಲ್ಲಿಸಬೇಕೆಂದು ಇಸ್ಮಾಯಿಲನು ಹಟ ಹಿಡಿದನು. ಕಂಪೆನಿಗೆ ಕೊಟ್ಟಿದ್ದ ಭೂಮಿಯನ್ನೂ ಹಿಂದಕ್ಕೆ ಕೇಳಿದನು. ವ್ಯಾಜ್ಯದ ತೀರ್ಮಾನ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನನ ಕೈಗೆ ಹೋಯಿತು. 1864ರಲ್ಲಿ ಅವನು ಕೊಟ್ಟ ತೀರ್ಪು ನೋಡಿರಿ: ಬಿಟ್ಟಿ ದುಡಿಮೆ ನಿಲ್ಲಿಸಿದ್ದಕ್ಕೆ, ಭೂಮಿ ಮರಳಿ ಪಡೆದದ್ದಕ್ಕೆ, ಸಿಹಿನೀರಿನ ಕಾಲುವೆಗೆ ಎಂದು ಎಲ್ಲ ಸೇರಿ ಈಜಿಪ್ಟು ಕಂಪೆನಿಗೆ 8 ಕೋಟಿ 40 ಲಕ್ಷ ಫ್ರಾಂಕು ತೆರಬೇಕು. ತನ್ನ ಪ್ರಜೆಗಳನ್ನು ತನ್ನ ನೆಲದಲ್ಲಿ ಪುಕ್ಕಟೆ ದುಡಿಸಲಾರೆನೆಂದದ್ದಕ್ಕೆ ದೊರೆಯೇ ದಂಡ ತೆತ್ತಂತಾಯಿತು. ಈ ಹಣ ಬಂದುದೂ ಸಾಲದಿಂದಲೇ.

1869ರ ನವೆಂಬರ್ 17ರಂದು ಕಾಲುವೆ ತೆರೆಯಿತು. ಫ್ರಾನ್ಸಿನ ಮಹಾರಾಣಿ ಯೂಜೀನಿ, ಆಸ್ಟ್ರಿಯದ ಚಕ್ರವರ್ತಿ ಫ್ರಾಂಜ್ ಜೋಸೆಫ್, ಪ್ರಷ್ಯದ ಯುವರಾಜ ಮೊದಲಾದವರು ಬಂದಿಳಿದರು. ಯೂಜೀನಿಗಾಗಿ ನೈಲ್ ದಂಡೆಯಲ್ಲಿ ಒಂದು ಅರಮನೆಯೇ ಸಿದ್ಧವಾಗಿತ್ತು. ಕೈರೋದಲ್ಲಿ ಹೊಸ ಸಂಗೀತನಾಟಕ ಮಂದಿರ ಆ ತಿಂಗಳ ಮೊದಲ ದಿನವೇ ಬಾಗಿಲು ತೆರೆದಿತ್ತು. ಕಾಲುವೆಯಿಂದ ಲೋಕಕ್ಕೆ ಆದ ಉಪಕಾರ ದೊಡ್ಡದು. ಬೊಂಬಾಯಿಯಿಂದ ಲಂಡನ್ನಿಗೆ ಹೋಗುವ ಹಡಗಿಗೆ ಆಫ್ರಿಕಾ ಸುತ್ತುವ ದಾರಿಯಲ್ಲಿ ನಾಲ್ಕು ಸಾವಿರ ಮೈಲಿಗೂ ಹೆಚ್ಚು ಉಳಿತಾಯವಾಯಿತು. ಪಶ್ಚಿಮ ಕರಾವಳಿಯ ನಮ್ಮ ಬಂದರುಗಳಿಗೂ ಯುರೋಪು ಹತ್ತಿರವಾಯಿತು. ಆದರೆ ಯಾರ ನೆಲದಲ್ಲಿ ಕಾಲುವೆ ಹರಿಯಿತೋ ಅವರಿಗೆ ಅದರಿಂದ ಬಂದುದು ಬಹುಕಾಲ ಸಾಲದ ಹೊರೆ ಮಾತ್ರ.

ಬರೆದುಕೊಟ್ಟದ್ದು ನೂರು, ಕೈಗೆ ಬಂದುದು ಅರುವತ್ತು

ಅಮೆರಿಕದ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಬಿದ್ದಿತು. ಹಿಡಿದ ಕೆಲಸಗಳನ್ನು ಇಸ್ಮಾಯಿಲನು ಬಿಡಲಿಲ್ಲ. ಬಿಡುವುದು ಸುಲಭವೂ ಆಗಿರಲಿಲ್ಲ. 1864ರಿಂದ ಮೊದಲಾಗಿ ಒಂದರ ಹಿಂದೆ ಒಂದರಂತೆ ಲಂಡನ್ ಪ್ಯಾರಿಸುಗಳಲ್ಲಿ ಋಣಪತ್ರಗಳು ಮಾರಾಟಕ್ಕೆ ಬಂದವು.

ಈ ಸಾಲಗಳ ಒಳಗುಟ್ಟನ್ನು ಓದುಗರು ಗಮನಿಸಬೇಕು. 1873ರ ದೊಡ್ಡ ಸಾಲದ ಪತ್ರದಲ್ಲಿ ಬರೆದ ಮೊತ್ತ 3 ಕೋಟಿ 20 ಲಕ್ಷ ಪೌಂಡು. ದಳ್ಳಾಳಿ, ಸೋಡಿ, ಮುಂಗಡ ಬಡ್ಡಿ ಎಂದೆಲ್ಲ ಮುರಿದುಕೊಂಡ ಮೇಲೆ ಬೊಕ್ಕಸಕ್ಕೆ ಬಂದುದು ಸುಮಾರು 2 ಕೋಟಿ. ಬಡ್ಡಿ ನೂರಕ್ಕೆ ಏಳು. ಆದರೆ ಲೆಕ್ಕ ಹಿಡಿಯುವುದು ಕೈಗೆ ಬಂದ ಅರುವತ್ತಕ್ಕಲ್ಲ, ಪತ್ರದಲ್ಲಿ ಬರೆದ ನೂರಕ್ಕೆ. ಹಾಗಾಗಿ ನಿಜವಾದ ಬಡ್ಡಿ ಹನ್ನೊಂದನ್ನೂ ದಾಟಿತು. ಬರೆದುಕೊಟ್ಟದ್ದು ಒಂದು, ಎಣಿಸಿಕೊಂಡದ್ದು ಇನ್ನೊಂದು ಎಂಬ ವ್ಯವಹಾರ ನಮ್ಮ ಹಳ್ಳಿಗಳ ಹಿರಿಯರಿಗೂ ಅಪರಿಚಿತವಲ್ಲ. ಲಂಡನ್ನಿನ ದೊಡ್ಡ ದೊಡ್ಡ ಕಟ್ಟಡಗಳಲ್ಲಿಯೂ ನಡೆದದ್ದು ಅದೇ. ದೇಶವೊಂದು ತೀರಿಸಲಾರದೆ ಹೋದೀತೆಂಬ ಭಯಕ್ಕಾಗಿ ಹೆಚ್ಚು ಬಡ್ಡಿ ಕೇಳುವುದು. ಹೆಚ್ಚು ಬಡ್ಡಿಯಿಂದಲೇ ಆ ದೇಶ ತೀರಿಸಲಾರದೆ ಹೋಗುವುದು. ಹಳೆಯ ಸಾಲದ ಬಡ್ಡಿ ಕಟ್ಟಲು ಹೊಸ ಸಾಲ ಎತ್ತುವ ಸ್ಥಿತಿ ಬಂದಮೇಲೆ ಹಿಂದಿರುಗುವ ದಾರಿಯಿರಲಿಲ್ಲ.

ಮನೆಯೊಳಗೂ ದೊರೆ ಕೈಚಾಚಿದನು. 1871ರಲ್ಲಿ ಮುಕಾಬಲಾ ಎಂಬ ಕಾನೂನು ಹೊರಟಿತು. ಆರು ವರ್ಷಗಳ ತೀರ್ವೆಯನ್ನು ಮುಂಗಡವಾಗಿ ಕಟ್ಟಿದ ಭೂಮಾಲಿಕನಿಗೆ ಮುಂದೆ ಶಾಶ್ವತವಾಗಿ ಅರ್ಧ ತೀರ್ವೆ ಮಾಫಿ ಎಂಬುದು ಅದರ ತಿರುಳು. ನಾಳಿನ ಅನ್ನವನ್ನು ಇಂದೇ ಉಂಡಂತೆ ಇದು. ಮುಂದೆ 1880ರಲ್ಲಿ, ಸಾಲ ಕೊಟ್ಟವರ ಅನುಕೂಲಕ್ಕಾಗಿ, ಈ ರಿಯಾಯಿತಿಯೇ ರದ್ದಾಯಿತು. ನಂಬಿ ಕಟ್ಟಿದವರಿಗೆ ಅಲ್ಪ ಪರಿಹಾರವಷ್ಟೇ ಉಳಿಯಿತು. ಇವುಗಳ ಮೇಲೆ ಅಬಿಸೀನಿಯಾದ ಮೇಲಿನ ದಂಡಯಾತ್ರೆ ಬೇರೆ. 1875ರಲ್ಲಿಯೂ 1876ರಲ್ಲಿಯೂ ಈಜಿಪ್ಟಿನ ಸೇನೆ ಅಲ್ಲಿ ಸೋತು ಸುಣ್ಣವಾಯಿತು.

ಶೇರುಗಳ ಮಾರಾಟ, ಪಾವತಿಯ ನಿಲುಗಡೆ

1875ರ ಅಕ್ಟೋಬರಿನಲ್ಲಿ ತುರ್ಕಿ ಸರಕಾರ ತನ್ನ ಸಾಲದ ಬಡ್ಡಿಯನ್ನು ಪೂರ್ತಿಯಾಗಿ ಕೊಡಲಾರೆನೆಂದು ಸಾರಿತು. ಸುಲ್ತಾನನೇ ಕೈಚೆಲ್ಲಿದಮೇಲೆ ಅವನ ಸಾಮಂತನನ್ನು ನಂಬುವವರಾರು? ಇಸ್ಮಾಯಿಲನಿಗೆ ಸಾಲದ ಬಾಗಿಲುಗಳು ಮುಚ್ಚತೊಡಗಿದವು. ಮಾರಲು ಅವನ ಕೈಯಲ್ಲಿ ಉಳಿದಿದ್ದ ದೊಡ್ಡ ಒಡವೆ ಒಂದೇ, ಕಾಲುವೆಯ ಶೇರುಗಳು. ನವೆಂಬರಿನಲ್ಲಿ ಇಂಗ್ಲೆಂಡಿನ ಪ್ರಧಾನಿ ಡಿಸ್ರೇಲಿಗೆ ಈ ಸುದ್ದಿ ಮುಟ್ಟಿತು. ಪಾರ್ಲಿಮೆಂಟು ಸೇರುವ ವರೆಗೆ ಕಾಯದೆ ಅವನು ರೋತ್‌ಶೀಲ್ಡ್ ಮನೆತನದಿಂದ ಹಣ ತೆಗೆದು, 1,76,602 ಶೇರುಗಳನ್ನು ಸುಮಾರು 40 ಲಕ್ಷ ಪೌಂಡಿಗೆ ಕೊಂಡುಬಿಟ್ಟನು. ಆ ಶೇರುಗಳ ಮುಂದಿನ ಹಲವು ವರ್ಷಗಳ ಲಾಭವನ್ನು ಇಸ್ಮಾಯಿಲನು ಮೊದಲೇ ಬಿಟ್ಟುಕೊಟ್ಟಿದ್ದ ಕಾರಣ, ಮಾರಿದ ಮೇಲೆಯೂ ವರ್ಷಕ್ಕೆ ಸುಮಾರು 2 ಲಕ್ಷ ಪೌಂಡು ಇಂಗ್ಲೆಂಡಿಗೆ ಕಟ್ಟಬೇಕಾಯಿತು. 1880ರಲ್ಲಿ, ಅವನು ಪಟ್ಟ ಬಿಟ್ಟ ಮರುವರ್ಷ, ಕಾಲುವೆಯ ಲಾಭದಲ್ಲಿ ಈಜಿಪ್ಟಿಗೆ ಸಲ್ಲುತ್ತಿದ್ದ ನೂರಕ್ಕೆ 15ರ ಪಾಲೂ 2 ಕೋಟಿ 20 ಲಕ್ಷ ಫ್ರಾಂಕಿಗೆ ಮಾರಿಹೋಯಿತು. ಹೀಗೆ ಈಜಿಪ್ಟಿನ ಮಣ್ಣಿನಲ್ಲಿ ಈಜಿಪ್ಟಿನವರು ತೋಡಿದ ಕಾಲುವೆಯ ಲಾಭದಲ್ಲಿ ಈಜಿಪ್ಟಿಗೆ ಒಂದು ಕಾಸಿನ ಹಕ್ಕೂ ಉಳಿಯಲಿಲ್ಲ.

ಶೇರು ಮಾರಿದ ಹಣ ಕೆಲವು ತಿಂಗಳಿಗೂ ಸಾಲದೆ ಹೋಯಿತು. 1876ರ ಏಪ್ರಿಲ್ 8ರಂದು ಇಸ್ಮಾಯಿಲನು ಬೊಕ್ಕಸದ ಹುಂಡಿಗಳ ಪಾವತಿಯನ್ನು ನಿಲ್ಲಿಸಿದನು. ದೇಶ ದಿವಾಳಿಯೆದ್ದಿತು. ಸಾಲಗಳನ್ನೆಲ್ಲ ಕೂಡಿಸಿ ನೋಡಿದಾಗ ಮೊತ್ತ 9 ಕೋಟಿ 10 ಲಕ್ಷ ಪೌಂಡು. ಅವನು ಪಟ್ಟಕ್ಕೆ ಬಂದಾಗ ಇದ್ದ ವಿದೇಶೀ ಸಾಲ 33 ಲಕ್ಷವೆಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು.

ದೇಶದ ಅಂಗಳಕ್ಕೆ ಅಮೀನನು ಬಂದುದು ಈಗ. ಮೇ ತಿಂಗಳಲ್ಲಿ ಸಾರ್ವಜನಿಕ ಋಣದ ಖಜಾನೆ ಎಂಬ ಕಚೇರಿ ಸ್ಥಾಪನೆಯಾಯಿತು. ಸಾಲ ಕೊಟ್ಟ ದೇಶಗಳ ಪ್ರತಿನಿಧಿಗಳು ಅದರ ಅಧಿಕಾರಿಗಳು. ಗೊತ್ತುಪಡಿಸಿದ ಪ್ರಾಂತಗಳ ಕಂದಾಯ, ಸುಂಕ ಮೊದಲಾದ ಆದಾಯಗಳು ನೇರವಾಗಿ ಈ ಕಚೇರಿಯ ಪೆಟ್ಟಿಗೆಗೆ ಬೀಳತೊಡಗಿದವು. ನವೆಂಬರಿನಲ್ಲಿ ಗೋಷನ್ ಮತ್ತು ಜೂಬೇರ್ ಎಂಬಿಬ್ಬರು ಸಾಲ ಕೊಟ್ಟವರ ಪರವಾಗಿ ಬಂದು ಹೊಸ ಒಪ್ಪಂದ ಮಾಡಿಸಿದರು. ಆದಾಯದ ಮೇಲೆ ಒಬ್ಬ ಇಂಗ್ಲಿಷನ ಕಣ್ಣು, ಖರ್ಚಿನ ಲೆಕ್ಕದ ಮೇಲೆ ಒಬ್ಬ ಫ್ರೆಂಚನ ಕಣ್ಣು. ದೊರೆಯ ಹಣಕಾಸು ಮಂತ್ರಿಯಾಗಿದ್ದ ಇಸ್ಮಾಯಿಲ್ ಸಿದ್ದಿಕನು ಅದೇ ತಿಂಗಳು ಬಂಧಿತನಾಗಿ, ಬಹಳ ದಿನ ಕಳೆಯುವ ಮೊದಲೇ ಸತ್ತನು. ಗುಟ್ಟುಗಳನ್ನು ಬಲ್ಲವನನ್ನು ದೊರೆಯೇ ಮುಗಿಸಿದನೆಂದು ಜನ ನಂಬಿದರು.

ತೆತ್ತವರು ಯಾರು?

1877ರಲ್ಲಿ ಈಜಿಪ್ಟಿನ ಆದಾಯ ಸುಮಾರು 95 ಲಕ್ಷ ಪೌಂಡು. ಅದರಲ್ಲಿ ಸುಮಾರು 75 ಲಕ್ಷ ಸಾಲ ಕೊಟ್ಟವರಿಗೆ ಹೋಯಿತು. ಸುಲ್ತಾನನ ಕಪ್ಪ, ಕಾಲುವೆಯ ಶೇರುಗಳ ಬಡ್ಡಿ ಕಳೆದಮೇಲೆ ಇಡೀ ದೇಶವನ್ನು ನಡೆಸಲು ಉಳಿದುದು ಹತ್ತು ಲಕ್ಷದ ಆಸುಪಾಸು. ಗುಮಾಸ್ತರಿಗೆ, ಸಿಪಾಯಿಗಳಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. ಯುರೋಪಿನಿಂದ ಬಂದ ಅಧಿಕಾರಿಗಳ ದೊಡ್ಡ ಸಂಬಳ ಮಾತ್ರ ತಪ್ಪಲಿಲ್ಲ.

ಅದೇ ವರ್ಷ ನೈಲ್ ನದಿಗೆ ಪ್ರವಾಹ ಬರಲಿಲ್ಲ. ನೈಲ್ ಉಕ್ಕದಿದ್ದರೆ ಈಜಿಪ್ಟಿನಲ್ಲಿ ಬೆಳೆಯಿಲ್ಲ. 1876ರಿಂದ 78ರ ವರೆಗೆ ಮದ್ರಾಸ್ ಪ್ರಾಂತವನ್ನೂ ಮೈಸೂರನ್ನೂ ಬಳ್ಳಾರಿಯನ್ನೂ ಸುಟ್ಟ ಮಹಾಕ್ಷಾಮದ ಕಾಲವೇ ಅದು. ನಮ್ಮಲ್ಲಿ ಮಳೆ ಕೈಕೊಟ್ಟ ಆ ವರ್ಷಗಳಲ್ಲಿ ಅಲ್ಲಿ ನದಿ ಕೈಕೊಟ್ಟಿತು. ಮೇಲಣ ಈಜಿಪ್ಟಿನಲ್ಲಿ ಜನ ಹಸಿವಿನಿಂದ ಸತ್ತರು. ಹಾಗಿದ್ದೂ 1878ರ ಮೇ ತಿಂಗಳ ಬಡ್ಡಿಯ ಕಂತು, ಸುಮಾರು 20 ಲಕ್ಷ ಪೌಂಡು, ಗೊತ್ತಾದ ದಿನಕ್ಕೆ ಸಲ್ಲಲೇಬೇಕೆಂದು ಫ್ರಾನ್ಸೂ ಇಂಗ್ಲೆಂಡೂ ಪಟ್ಟುಹಿಡಿದವು. ಕಂದಾಯದ ಜವಾನರು ಕುರ್ಬಾಶ್ ಎಂಬ ನೀರಾನೆಯ ತೊಗಲಿನ ಚಾವಟಿ ಹಿಡಿದು ಹಳ್ಳಿಗಳಿಗೆ ಇಳಿದರು. ಅವರ ಬೆನ್ನಿಗೇ ಬಡ್ಡಿವ್ಯಾಪಾರಿಗಳೂ ಬಂದರು. ಗದ್ದೆಯಲ್ಲಿ ಇನ್ನೂ ಮಾಗದೆ ನಿಂತ ಫಸಲನ್ನು ಫಲ್ಲಾಹನು ಸಿಕ್ಕಿದ ಬೆಲೆಗೆ ಬರೆದುಕೊಟ್ಟನು. ಮರದಲ್ಲಿರುವ ಅಡಿಕೆಯನ್ನೂ ಬಳ್ಳಿಯಲ್ಲಿರುವ ಒಳ್ಳೆಮೆಣಸನ್ನೂ ಕೊಯ್ಲಿಗೆ ಮೊದಲೇ ವ್ಯಾಪಾರಿಗೆ ಒಪ್ಪಿಸಬೇಕಾಗಿ ಬಂದವರ ಸಂಕಟ ನಮ್ಮ ಸೀಮೆಯವರಿಗೆ ಗೊತ್ತು. ಆ ಸಂಕಟ ಒಂದು ಇಡೀ ದೇಶಕ್ಕೆ ಒಮ್ಮೆಲೇ ಬಂದಿತೆಂದು ಭಾವಿಸಿದರೆ ಸಾಕು. ಕಂತು ಸರಿಯಾದ ದಿನಕ್ಕೆ ಸಂದಿತು.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. 1876ರಲ್ಲಿ ಕೆಲಸಕ್ಕೆ ತೊಡಗಿದ ಮಿಶ್ರ ನ್ಯಾಯಾಲಯಗಳಲ್ಲಿ ವಿದೇಶೀಯರಿಗೂ ಈಜಿಪ್ಟಿನವರಿಗೂ ನಡುವಣ ವ್ಯಾಜ್ಯಗಳು ತೀರ್ಮಾನವಾಗುತ್ತಿದ್ದವು. ಭೂಮಿಯನ್ನು ಅಡವಿಟ್ಟ ರೈತನು ಬಾಕಿಯಾದರೆ ಅಲ್ಲಿಂದ ಜಪ್ತಿಯ ಆಜ್ಞೆ ಬರುತ್ತಿತ್ತು. ಅರಬ್ಬಿಗೂ ಅಲ್ಲಿ ಸ್ಥಾನವುಂಟೆಂದು ಕಾಗದದಲ್ಲಿ ಇತ್ತು. ಕಲಾಪ ನಡೆಯುತ್ತಿದ್ದುದು ಬಹುಮಟ್ಟಿಗೆ ಫ್ರೆಂಚಿನಲ್ಲಿ. ತನ್ನ ಹೊಲ ಹೋಗುವ ತೀರ್ಪನ್ನು ತನಗೆ ತಿಳಿಯದ ಭಾಷೆಯಲ್ಲಿ ಕೇಳಿಸಿಕೊಂಡು ನಿಂತ ಮನುಷ್ಯನ ಮೊಗವನ್ನು ನಮ್ಮ ಓದುಗರು ಕಲ್ಪಿಸಿಕೊಳ್ಳಬಲ್ಲರು.

ತಂತಿಯಲ್ಲಿ ಬಂದ ಪದಚ್ಯುತಿ

1878ರಲ್ಲಿ ವಿಚಾರಣಾ ಆಯೋಗ ಕುಳಿತು ದೊರೆಯ ಸ್ವಂತ ಭೂಮಿಯನ್ನೂ ಸಾಲಕ್ಕೆ ಒಪ್ಪಿಸಬೇಕೆಂದು ಹೇಳಿತು. ಒಪ್ಪಿಸಿದನು. ನೂಬಾರ್ ಪಾಶಾನ ಹೊಸ ಮಂತ್ರಿಮಂಡಲದಲ್ಲಿ ಹಣಕಾಸಿಗೆ ಇಂಗ್ಲಿಷನೊಬ್ಬನೂ ಲೋಕೋಪಯೋಗಿಗೆ ಫ್ರೆಂಚನೊಬ್ಬನೂ ಮಂತ್ರಿಗಳಾದರು. ಖರ್ಚು ಇಳಿಸಲೆಂದು ಸುಮಾರು 2500 ಸೇನಾಧಿಕಾರಿಗಳನ್ನು, ಹಿಂದಿನ ಸಂಬಳದ ಬಾಕಿಯನ್ನೂ ಕೊಡದೆ, ಅರ್ಧ ಸಂಬಳಕ್ಕೆ ಇಳಿಸಿದರು. 1879ರ ಫೆಬ್ರವರಿಯಲ್ಲಿ ಆ ಅಧಿಕಾರಿಗಳು ಬೀದಿಯಲ್ಲಿಯೇ ನೂಬಾರನನ್ನೂ ಇಂಗ್ಲಿಷ್ ಮಂತ್ರಿಯನ್ನೂ ತಡೆದು ಎಳೆದಾಡಿದರು. 1866ರಲ್ಲಿ ಹೆಸರಿಗೆಂದು ಕರೆದಿದ್ದ ಪ್ರತಿನಿಧಿಗಳ ಸಭೆಯೂ ಈಗ ಬಾಯ್ತೆರೆಯಿತು. ಮನೆಗೆ ಹೋಗಿರೆಂದರೆ ಅವರು ಹೋಗಲೊಲ್ಲದಾದರು. ತೀರ್ವೆ ತೆರುವವರು ತಾವಾದರೆ ಅದರ ಲೆಕ್ಕ ಕೇಳುವವರೂ ತಾವೇ ಎಂಬುದು ಅವರ ವಾದ.

ಆಳಿದ್ದಷ್ಟು ಕಾಲವೂ ಯಾರಿಗೂ ಲೆಕ್ಕ ಕೊಡದ ಇಸ್ಮಾಯಿಲನು ಕೊನೆಯ ಗಳಿಗೆಯಲ್ಲಿ ಈ ಸಭೆಯನ್ನು ಆಸರೆಯಾಗಿ ಹಿಡಿದನು. ಏಪ್ರಿಲಿನಲ್ಲಿ ಯುರೋಪಿಯನ್ ಮಂತ್ರಿಗಳನ್ನು ತೆಗೆದುಹಾಕಿ, ಸಾಲ ತೀರಿಸಲು ದೇಶದವರೇ ಸಿದ್ಧಪಡಿಸಿದ ಯೋಜನೆಯನ್ನು ಮುಂದಿಟ್ಟನು. ಹೊತ್ತು ಮೀರಿತ್ತು. ಜರ್ಮನಿಯೂ ಪ್ರತಿಭಟಿಸಿತು. ಇಂಗ್ಲೆಂಡ್ ಫ್ರಾನ್ಸುಗಳ ಒತ್ತಾಯಕ್ಕೆ ಸುಲ್ತಾನನು ಮಣಿದನು. 1879ರ ಜೂನ್ 26ರಂದು ಕೈರೋದ ಅರಮನೆಗೆ ಎರಡು ತಂತಿಗಳು ಬಂದವು. ಒಂದರ ವಿಳಾಸ ಮಾಜಿ ಖೆದೀವ್ ಇಸ್ಮಾಯಿಲನಿಗೆ. ಇನ್ನೊಂದರ ವಿಳಾಸ ಖೆದೀವ್ ತೌಫಿಕನಿಗೆ. ತೌಫಿಕನು ಅವನ ಹಿರಿಯ ಮಗ. ತಾನೇ ಎಳೆಸಿದ ತಂತಿಯ ಮೂಲಕ ತನ್ನ ಪಟ್ಟ ಹೋದ ಸುದ್ದಿಯನ್ನು ಅವನು ಓದಿಕೊಂಡನು. ಜೂನ್ 30ರಂದು ಮಹ್ರೂಸಾ ಎಂಬ ತನ್ನ ವಿಹಾರನೌಕೆಯನ್ನೇರಿ ನೇಪಲ್ಸಿಗೆ ಹೊರಟುಹೋದನು.

ದೊರೆ ಹೋದ, ಸಾಲ ಉಳಿಯಿತು

ಕತೆ ಇಲ್ಲಿಗೆ ಮುಗಿಯುವುದಿಲ್ಲ. ಸಾಲ ಮಾಡಿದವನು ಹೋದನು, ಸಾಲ ಹೋಗಲಿಲ್ಲ. 1880ರ ಋಣಪರಿಹಾರ ಕಾನೂನು ಬಡ್ಡಿಯನ್ನು ತುಸು ಇಳಿಸಿತಾದರೂ ದೇಶದ ಆದಾಯದ ಹೆಚ್ಚುಕಡಿಮೆ ಅರ್ಧವನ್ನು ಸಾಲಕ್ಕೆ ಮುಡಿಪಾಗಿಟ್ಟಿತು. 1882ರಲ್ಲಿ ಪ್ರತಿನಿಧಿಗಳ ಸಭೆ ಕೇಳಿದ್ದು ಉಳಿದ ಅರ್ಧದ ಮೇಲೆ ಮತ ಕೊಡುವ ಹಕ್ಕನ್ನು ಮಾತ್ರ. ಸಾಲಕ್ಕೆ ಗೊತ್ತಾದ ಪಾಲನ್ನು ಅವರು ಮುಟ್ಟಹೊರಟಿರಲಿಲ್ಲ. ಅದನ್ನೂ ಇಂಗ್ಲಿಷ್ ಫ್ರೆಂಚ್ ನಿಯಂತ್ರಕರು ಒಪ್ಪಲಿಲ್ಲ. ಕರ್ನಲ್ ಅಹಮದ್ ಉರಾಬಿಯ ನಾಯಕತ್ವದಲ್ಲಿ ಸೇನೆಯೂ ಜನರೂ ಎದ್ದರು. ಉರಾಬಿ ಫಲ್ಲಾಹನ ಮಗ. ಜುಲೈ 11ರಂದು ಇಂಗ್ಲಿಷ್ ನೌಕಾಪಡೆ ಅಲೆಕ್ಸಾಂಡ್ರಿಯಾದ ಮೇಲೆ ಗುಂಡಿನ ಮಳೆಗರೆಯಿತು. ಸೆಪ್ಟೆಂಬರ್ 13ರಂದು ತೆಲ್ ಎಲ್ ಕಬೀರ್ ಎಂಬಲ್ಲಿ ಉರಾಬಿಯ ಸೇನೆ ಮುರಿದುಬಿತ್ತು. ಅಮೀನನು ಅಂಗಳ ದಾಟಿ ಮನೆಯೊಳಗೇ ಬಿಡಾರ ಹೂಡಿದನು. ಸ್ವಲ್ಪ ಕಾಲಕ್ಕೆಂದು ಬಂದ ಇಂಗ್ಲಿಷ್ ಸೇನೆಯ ಕೊನೆಯ ತುಕಡಿ ಈಜಿಪ್ಟಿನ ನೆಲ ಬಿಟ್ಟದ್ದು 1956ರ ಜೂನಿನಲ್ಲಿ, 74 ವರ್ಷಗಳ ಬಳಿಕ.

ಈ ಯುದ್ಧಕ್ಕೂ ನಮಗೂ ಒಂದು ನಂಟು ಉಂಟು. ಇಂಗ್ಲೆಂಡು ಅಂದು ಇಂಡಿಯಾದಿಂದಲೂ ದಂಡನ್ನು ಕರೆಸಿತ್ತು. ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಪಡೆಯವರು ಅದರಲ್ಲಿದ್ದರು. ತೆಲ್ ಎಲ್ ಕಬೀರ್ ಆ ಪಡೆಯ ಯುದ್ಧಗೌರವಗಳಲ್ಲೊಂದು. ಈ ದಂಡಿನ ಖರ್ಚಿನ ದೊಡ್ಡ ಪಾಲನ್ನು ಇಂಡಿಯಾದ ಬೊಕ್ಕಸದ ಮೇಲೆಯೇ ಹೊರಿಸಲಾಯಿತು. ಕಾಸರಗೋಡು ಸೀಮೆ ಅಂದು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಇಲ್ಲಿಯ ಗದ್ದೆ ಬಯಲುಗಳ ತೀರ್ವೆಯೂ ಹೋಗಿ ಸೇರುತ್ತಿದ್ದುದು ಅದೇ ಬೊಕ್ಕಸಕ್ಕೆ. ಕೈರೋದ ಅರಮನೆಯ ದೀಪಗಳನ್ನು ಎಂದೂ ಕಾಣದ ನಮ್ಮ ಅಜ್ಜಂದಿರೂ ಇಸ್ಮಾಯಿಲನ ಸಾಲದ ಒಂದು ಚೂರನ್ನು ತೀರಿಸಿದ್ದಾರೆ ಎಂದರೆ ತಪ್ಪಾಗದು.

ಆಮೇಲೆ ಈಜಿಪ್ಟನ್ನು ನಿಜವಾಗಿ ಆಳಿದವನು ಈವ್ಲಿನ್ ಬೇರಿಂಗ್, ಮುಂದೆ ಲಾರ್ಡ್ ಕ್ರೋಮರ್ ಎನಿಸಿದವನು. ಋಣದ ಖಜಾನೆಯಲ್ಲಿ ಸಾಲ ಕೊಟ್ಟವರ ಪರವಾಗಿ ಮೊದಲು ಕುಳಿತವನೂ ಅವನೇ. ನಡುವೆ ಇಂಡಿಯಾ ಸರಕಾರದ ಹಣಕಾಸು ಸದಸ್ಯನಾಗಿಯೂ ಇದ್ದನು. 1883ರಿಂದ 1907ರ ವರೆಗೆ ಅವನ ಮಾತೇ ಅಲ್ಲಿ ಕಾನೂನು. ನ್ಯಾಯವಾಗಿ ಹೇಳುವುದಾದರೆ, ಅವನ ಕಾಲದಲ್ಲಿ ಚಾವಟಿಯಿಂದ ಕಂದಾಯ ವಸೂಲಿ ನಿಂತಿತು, ಬಿಟ್ಟಿ ದುಡಿಮೆ ಬಹುಮಟ್ಟಿಗೆ ಇಲ್ಲವಾಯಿತು, ನೀರಾವರಿ ಸುಧಾರಿಸಿತು, ಬಡ್ಡಿ ತಪ್ಪದೆ ಸಂದಿತು. ಆದರೆ ಶಾಲೆಗಳಿಗೆ ಸಿಕ್ಕಿದ್ದು ಪುಡಿಗಾಸು. ಮನೆಯ ಲೆಕ್ಕ ಸರಿಯಾಯಿತು. ಮನೆಯವರಿಗೆ ಮನೆಯಲ್ಲಿ ಮಾತಿರಲಿಲ್ಲ.

ಕೊನೆಯ ದಿನಗಳು

ಇಸ್ಮಾಯಿಲನು ಹಲವು ವರ್ಷ ಇಟಲಿಯಲ್ಲಿದ್ದು, ಬಳಿಕ ಸುಲ್ತಾನನ ಅಪ್ಪಣೆ ಪಡೆದು ಇಸ್ತಾಂಬುಲಿಗೆ ಬಂದನು. ಬಾಸ್ಫರಸ್ ದಂಡೆಯ ತನ್ನ ಅರಮನೆಯಲ್ಲಿ ಇದ್ದನಾದರೂ ಅದು ಸೆರೆಮನೆಗಿಂತ ಹೆಚ್ಚು ಬೇರೆಯಾಗಿರಲಿಲ್ಲ. 1895ರ ಮಾರ್ಚ್ 2ರಂದು, 64ನೆಯ ವಯಸ್ಸಿನಲ್ಲಿ ತೀರಿಕೊಂಡನು. ಬದುಕಿದ್ದಾಗ ಮರಳಲಾಗದ ಕೈರೋ ನಗರಕ್ಕೆ ಅವನ ಶವ ಮರಳಿತು. ತಾಯಿ ಕಟ್ಟಿಸಲು ತೊಡಗಿದ್ದ ಅಲ್ ರಿಫಾಯಿ ಮಸೀದಿಯಲ್ಲಿ ಅವನ ಸಮಾಧಿಯಿದೆ. ಕಾಲುವೆಯ ದಂಡೆಯಲ್ಲಿ ಇಸ್ಮಾಯಿಲಿಯಾ ಎಂಬ ಊರು ಅವನ ಹೆಸರನ್ನು ಉಳಿಸಿಕೊಂಡಿದೆ. 1952ರ ಜುಲೈ 26ರಂದು ಅವನ ಮೊಮ್ಮಗ ಫಾರೂಕ್ ದೊರೆಯೂ ಪದಚ್ಯುತನಾಗಿ, ಅದೇ ಮಹ್ರೂಸಾ ನೌಕೆಯನ್ನೇರಿ, ಅದೇ ನೇಪಲ್ಸಿಗೆ ಹೋದನು. ಸರಿಯಾಗಿ ನಾಲ್ಕು ವರ್ಷ ಕಳೆದು, 1956ರ ಜುಲೈ 26ರಂದು, ನಾಸರ್ ಕಾಲುವೆಯನ್ನು ರಾಷ್ಟ್ರೀಕರಿಸಿದರು. ಋಣದ ಖಜಾನೆಯ ಬಾಗಿಲು ಮುಚ್ಚಿದ್ದು ಅದಕ್ಕೂ ಮೊದಲು, 1940ರಲ್ಲಿ.

ಇಂದು ಸಾಲ ವಸೂಲಿಗೆ ಯುದ್ಧನೌಕೆಗಳು ಬರುವುದಿಲ್ಲ. 1907ರಲ್ಲಿಯೇ ಹೇಗ್ ನಗರದಲ್ಲಿ ಸೇರಿದ ರಾಷ್ಟ್ರಗಳು ಅದಕ್ಕೆ ಒಂದಿಷ್ಟು ಕಡಿವಾಣ ಹಾಕಿದವು. ಆದರೆ ದೇಶಗಳು ಬಾಕಿಯಾಗುವುದು ನಿಂತಿಲ್ಲ. 1991ರಲ್ಲಿ ನಮ್ಮ ದೇಶವೇ ಬಾಕಿಯಾಗುವ ಅಂಚಿಗೆ ಬಂದು, ಸುಮಾರು 47 ಟನ್ ಚಿನ್ನವನ್ನು ಹೊರದೇಶದಲ್ಲಿ ಅಡವಿಟ್ಟು ಮಾನ ಉಳಿಸಿಕೊಂಡಿತು. ನೆರೆಯ ಶ್ರೀಲಂಕಾ 2022ರ ಏಪ್ರಿಲಿನಲ್ಲಿ ವಿದೇಶೀ ಸಾಲದ ಪಾವತಿಯನ್ನು ನಿಲ್ಲಿಸಿದಾಗ, ಸೀಮೆಎಣ್ಣೆಗೂ ಅಡಿಗೆ ಅನಿಲಕ್ಕೂ ಬಿಸಿಲಲ್ಲಿ ಸಾಲುನಿಂತವರು ಸಾಲದ ಪತ್ರಕ್ಕೆ ಸಹಿ ಹಾಕಿದವರಾಗಿರಲಿಲ್ಲ.

ಸಾಲ ಮಾಡುವುದೇ ಪಾಪವೆಂದು ನಾವು ಹೇಳುವುದಿಲ್ಲ. ಇಸ್ಮಾಯಿಲನು ತೋಡಿಸಿದ ಕಾಲುವೆಗಳ ನೀರು ಅವನ ಮರಿಮಕ್ಕಳ ಕಾಲದ ರೈತನ ಹೊಲಕ್ಕೂ ಹರಿಯಿತು. ಅವನ ತಪ್ಪು, ತೆರುವವರನ್ನು ಕೇಳದೆ ಪಡೆದದ್ದು. ಸಾಲ ಕೊಟ್ಟವರ ತಪ್ಪು, ತೀರಿಸುವ ಶಕ್ತಿಯನ್ನು ನೋಡದೆ ಲಾಭವನ್ನು ಮಾತ್ರ ನೋಡಿ ಕೊಟ್ಟದ್ದು. ಎರಡೂ ತಪ್ಪುಗಳಿಗೆ ಶಿಕ್ಷೆ ಅನುಭವಿಸಿದವನು ಮೂರನೆಯವನು. ದೇಶದ ಹೆಸರಿನಲ್ಲಿ ಯಾರಾದರೂ ದೊಡ್ಡ ಸಾಲದ ಮಾತೆತ್ತಿದಾಗ, 1878ರ ಮೇ ತಿಂಗಳಲ್ಲಿ ಮಾಗದ ಪೈರನ್ನು ಬರೆದುಕೊಟ್ಟು ಬರಿಗೈಯಲ್ಲಿ ಗದ್ದೆಯ ಬದುವಿನ ಮೇಲೆ ನಿಂತ ಆ ಫಲ್ಲಾಹನನ್ನು ನಾವು ಒಮ್ಮೆ ನೆನೆಯುವುದೊಳ್ಳೆಯದು.